ಅಪಧಮನಿಯ ಜಿಡ್ಡಿಗೆ ಯಾವ ಪ್ರಾಣಿ? ಸಿನಾಪ್ಸಿಸ್ ಬರೆಯುವ ಮುನ್ನ ಒಂದು ಹೋಲಿಕೆ

ಸಿನಾಪ್ಸಿಸ್ (ಪ್ರಬಂಧದ ಯೋಜನೆ) ಒಪ್ಪಿಸುವ ದಿನ ಹತ್ತಿರವಾದಂತೆ ಎಂ.ಫಾರ್ಮ್ ಮತ್ತು ಪಿಎಚ್‌ಡಿ ವಿದ್ಯಾರ್ಥಿಗಳಿಂದ ಒಂದೇ ಪ್ರಶ್ನೆ ಬೇರೆ ಬೇರೆ ಮಾತಿನಲ್ಲಿ ಬರುತ್ತದೆ. ಕೊಬ್ಬಿನ ಆಹಾರ ತಿನ್ನಿಸಿ ಅಪಧಮನಿಯೊಳಗೆ ಜಿಡ್ಡು ಕಟ್ಟಿಸಬೇಕು. ಇಲಿ ಸಾಕೇ, ಮೊಲ ಬೇಕೇ, ಹಂದಿಯವರೆಗೂ ಹೋಗಬೇಕೇ? ಗೈಡ್ ಒಂದು ಹೇಳುತ್ತಾರೆ, ಜರ್ನಲ್‌ನ ವಿಮರ್ಶಕರು ಇನ್ನೊಂದು ಕೇಳುತ್ತಾರೆ, ಕಾಲೇಜಿನ ಪ್ರಾಣಿಗೃಹದಲ್ಲಿ ಇರುವುದು ಮೂರನೆಯದು. ಈ ಮೂರರ ನಡುವೆ ಸಿಕ್ಕಿಕೊಂಡವರಿಗಾಗಿ ಈ ಬರಹ.

ನಾನು ಈ ವಿಷಯವನ್ನು ಕಲಿತದ್ದು ಸೋತು. ವಿದ್ಯಾರ್ಥಿಯಾಗಿದ್ದಾಗ 48 ವಿಸ್ಟಾರ್ ರ‍್ಯಾಟ್‌ಗಳಿಗೆ 12 ವಾರ ವನಸ್ಪತಿ, ಕೊಬ್ಬರಿ ಎಣ್ಣೆ, ಕೊಲೆಸ್ಟ್ರಾಲ್ ಪುಡಿ ಎಲ್ಲವನ್ನೂ ತಿನ್ನಿಸಿದೆ. ರಕ್ತದ ಅಂಕಿಗಳು ಸೊಗಸಾಗಿ ಏರಿದ್ದವು. ಕೊನೆಯ ದಿನ ಮಹಾಪಧಮನಿಯನ್ನು ಉದ್ದಕ್ಕೆ ಸೀಳಿ, ಕೊಬ್ಬನ್ನು ಕೆಂಪಾಗಿ ತೋರಿಸುವ ಬಣ್ಣ ಹಾಕಿ ನೋಡಿದರೆ ಬಾಳೆದಿಂಡಿನ ತಿರುಳಿನಂತೆ ಬೆಳ್ಳಗೆ, ನುಣ್ಣಗೆ. ಒಂದು ಕೆಂಪು ಚುಕ್ಕೆಯೂ ಇಲ್ಲ. ಪ್ರಬಂಧದ ಶೀರ್ಷಿಕೆಯಿಂದ ‘ಅಥೆರೋಸ್ಕ್ಲೆರೋಸಿಸ್’ (ಅಪಧಮನಿಯಲ್ಲಿ ಜಿಡ್ಡು ಕಟ್ಟುವ ಕಾಯಿಲೆ) ಎಂಬ ಪದವನ್ನು ಕಿತ್ತು, ‘ರಕ್ತದ ಕೊಬ್ಬಿನ ಏರಿಕೆ’ ಎಂದು ಬರೆದು ಒಪ್ಪಿಸಿದೆ. ಅದೇ ತಪ್ಪನ್ನು ಇಂದಿಗೂ ಶೀರ್ಷಿಕೆ ಬದಲಿಸದೆಯೇ ಅಚ್ಚು ಹಾಕಿಸುವವರಿದ್ದಾರೆ.

ಮೊದಲು ಹೆಸರಿನ ಗೊಂದಲ ಕಳೆದುಕೊಳ್ಳೋಣ. ನಾವು ಕನ್ನಡದಲ್ಲಿ ಎರಡು ಪ್ರಾಣಿಗಳನ್ನೂ ಸಲೀಸಾಗಿ ‘ಬಿಳಿ ಇಲಿ’ ಎಂದುಬಿಡುತ್ತೇವೆ. ಒಂದು 25 ಗ್ರಾಂ ತೂಗುವ ಪುಟ್ಟ ಜೀವ, ಇನ್ನೊಂದು ಅದರ ಹತ್ತು ಪಟ್ಟು. ಇಲ್ಲಿ ಚಿಕ್ಕದನ್ನು ಚಿಟ್ಟಿಲಿ ಎಂದೂ ದೊಡ್ಡದನ್ನು ರ‍್ಯಾಟ್ ಎಂದೂ ಕರೆಯುತ್ತೇನೆ.

ರ‍್ಯಾಟ್ ಹೇಳಿದ ಎರಡು ‘ಇಲ್ಲ’ಗಳು

1908ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಇಗ್ನಟೋವ್‌ಸ್ಕಿ ಎಂಬ ವೈದ್ಯ ಮೊಲಗಳಿಗೆ ಮಾಂಸ, ಮೊಟ್ಟೆ, ಹಾಲು ತಿನ್ನಿಸಿ ಅವುಗಳ ಮಹಾಪಧಮನಿಯಲ್ಲಿ ಗಂಟುಗಳನ್ನು ಕಂಡ. ದೋಷ ಪ್ರೋಟೀನಿನದು ಎಂಬುದು ಅವನ ಊಹೆ. 1913ರಲ್ಲಿ ಅದೇ ಊರಿನ ನಿಕೊಲಾಯ್ ಅನಿಚ್ಕೊವ್ ಮತ್ತು ಸೆಮ್ಯೋನ್ ಖಲಾತೊವ್ ಶುದ್ಧ ಕೊಲೆಸ್ಟ್ರಾಲನ್ನು ಸೂರ್ಯಕಾಂತಿ ಎಣ್ಣೆಯಲ್ಲಿ ಕರಗಿಸಿ ಮೊಲಗಳಿಗೆ ಕೊಟ್ಟರು. ಅದೇ ಗಂಟುಗಳು ಕಟ್ಟಿದವು. ಕೊಲೆಸ್ಟ್ರಾಲ್ ಸಿಕ್ಕಿಬಿದ್ದದ್ದು ಹೀಗೆ. ಆದರೆ ಬೇರೆಯವರು ರ‍್ಯಾಟ್‌ಗಳಿಗೂ ನಾಯಿಗಳಿಗೂ ಅದೇ ಆಹಾರ ಕೊಟ್ಟು ನೋಡಿದಾಗ ಏನೂ ಆಗಲಿಲ್ಲ. ಸೊಪ್ಪು ತಿನ್ನುವ ಪ್ರಾಣಿಗೆ ಮೊಟ್ಟೆ ತಿನ್ನಿಸಿದರೆ ಇನ್ನೇನಾದೀತು ಎಂದು ಎಷ್ಟೋ ಮಂದಿ ಅನಿಚ್ಕೊವ್‌ನ ಕೆಲಸವನ್ನು ದಶಕಗಳ ಕಾಲ ಪಕ್ಕಕ್ಕೆ ಇಟ್ಟುಬಿಟ್ಟರು.

ಎರಡನೆಯ ‘ಇಲ್ಲ’ ಇನ್ನೂ ದುಬಾರಿಯಾಗುವುದರಲ್ಲಿತ್ತು. 1973ರಲ್ಲಿ ಜಪಾನಿನ ಸ್ಯಾಂಕ್ಯೊ ಕಂಪನಿಯಲ್ಲಿ ಅಕಿರಾ ಎಂಡೊ ಒಂದು ಬೂಷ್ಟಿನಿಂದ ಕಾಂಪ್ಯಾಕ್ಟಿನ್ ಎಂಬ ಮೊದಲ ಸ್ಟ್ಯಾಟಿನ್ (ಕೊಲೆಸ್ಟ್ರಾಲ್ ಇಳಿಸುವ ಔಷಧಿ) ಹೊರತೆಗೆದರು. ರ‍್ಯಾಟ್‌ಗಳಿಗೆ ಕೊಟ್ಟು ನೋಡಿದರೆ ಕೊಲೆಸ್ಟ್ರಾಲ್ ಇಳಿಯಲೇ ಇಲ್ಲ. ಔಷಧಿ ಬುಟ್ಟಿಗೆ ಬೀಳುವ ಹಂತದಲ್ಲಿತ್ತು. ಎಂಡೊ ಬೇರೆ ರೀತಿ ಯೋಚಿಸಿದರು: ಮೊಟ್ಟೆಯಲ್ಲಿ ಅಷ್ಟೊಂದು ಕೊಲೆಸ್ಟ್ರಾಲ್ ಇದೆಯೆಂದರೆ ಮೊಟ್ಟೆಯಿಡುವ ಕೋಳಿ ಅದನ್ನು ಒಳಗೇ ಧಾರಾಳವಾಗಿ ತಯಾರಿಸುತ್ತಿರಬೇಕು. 1976ರಲ್ಲಿ ಕೋಳಿಗಳಿಗೆ ಕೊಟ್ಟಾಗ ರಕ್ತದ ಕೊಲೆಸ್ಟ್ರಾಲ್ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಆಮೇಲೆ ನಾಯಿ, ಮಂಗಗಳಲ್ಲೂ ಇಳಿಯಿತು. ಇಂದು ಜಗತ್ತಿನಲ್ಲಿ ಕೋಟ್ಯಂತರ ಜನ ನುಂಗುವ ಮಾತ್ರೆಯ ವಂಶ ಉಳಿದದ್ದು ಕೋಳಿಗೂಡಿನಿಂದ.

ಎರಡೂ ಸಲ ರ‍್ಯಾಟ್ ಸುಳ್ಳು ಹೇಳಲಿಲ್ಲ. ತನ್ನ ಯಕೃತ್ತಿನ ಮಟ್ಟಿಗೆ ಸತ್ಯವನ್ನೇ ಹೇಳಿತು. ಅದನ್ನು ಮನುಷ್ಯನ ಉತ್ತರವೆಂದು ಓದಿಕೊಂಡದ್ದು ನಾವು.

ಅಳತೆಗೋಲು ಯಾವುದು?

ಪ್ರಾಣಿಯ ಹೆಸರನ್ನು ಮರೆತು ಮೊದಲು ನಿಮ್ಮ ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಬರೆಯಿರಿ. ನಿಮಗೆ ಬೇಕಾದದ್ದು ರಕ್ತದ ಕೊಬ್ಬಿನ ಕಥೆಯೋ, ಅಪಧಮನಿಯ ಗೋಡೆಯ ಕಥೆಯೋ? ಗೋಡೆಯದ್ದಾದರೆ ಜಿಡ್ಡು ಕೂರಲು ಶುರುವಾಗುವ ಹಂತವೋ, ನಾರುಗಟ್ಟಿದ ಹಳೆಯ ಪ್ಲಾಕ್‌ನ (ಗೋಡೆಯೊಳಗೆ ಕಟ್ಟಿದ ಜಿಡ್ಡಿನ ಗಂಟು) ಹಂತವೋ, ಅದು ಬಿರಿದು ರಕ್ತ ಹೆಪ್ಪುಗಟ್ಟುವ ಹಂತವೋ? ಇವು ಮೂರೂ ಬೇರೆ ಬೇರೆ ಪ್ರಾಣಿಗಳನ್ನು ಬೇಡುತ್ತವೆ.

ಮುಂದಿನದು ರಕ್ತದಲ್ಲಿ ಕೊಲೆಸ್ಟ್ರಾಲನ್ನು ಹೊರುವವರು ಯಾರು ಎಂಬುದು. ಮನುಷ್ಯರಲ್ಲಿ ಬಹುಪಾಲನ್ನು ಎಲ್‌ಡಿಎಲ್ (‘ಕೆಟ್ಟ ಕೊಲೆಸ್ಟ್ರಾಲ್’ ಎನ್ನುವ ಕಣ) ಹೊರುತ್ತದೆ. ಚಿಟ್ಟಿಲಿ ಮತ್ತು ರ‍್ಯಾಟ್‌ಗಳಲ್ಲಿ ಎಚ್‌ಡಿಎಲ್ (‘ಒಳ್ಳೆಯ ಕೊಲೆಸ್ಟ್ರಾಲ್’ ಎನ್ನುವ ಕಣ) ಹೊರುತ್ತದೆ. ನಮ್ಮಲ್ಲಿ ಸಿಇಟಿಪಿ ಎಂಬ ಪ್ರೋಟೀನ್ ಹಮಾಲಿಯಂತೆ ಎಚ್‌ಡಿಎಲ್‌ನ ಕೊಲೆಸ್ಟ್ರಾಲನ್ನು ಎತ್ತಿ ಎಲ್‌ಡಿಎಲ್ ಕಡೆಯ ಕಣಗಳಿಗೆ ಸಾಗಿಸುತ್ತದೆ. ಚಿಟ್ಟಿಲಿಗೂ ರ‍್ಯಾಟ್‌ಗೂ ಈ ಹಮಾಲಿಯೇ ಇಲ್ಲ. ಮೊಲ, ಹ್ಯಾಮ್‌ಸ್ಟರ್, ಗಿನಿಹಂದಿ, ಮಂಗಗಳಿಗೆ ಇದ್ದಾನೆ. ರ‍್ಯಾಟ್ ಎಷ್ಟು ತಿಂದರೂ ಅಪಧಮನಿ ಹಸನಾಗಿ ಉಳಿಯುವುದರ ಹಿಂದೆ ಈ ವ್ಯತ್ಯಾಸದ ಪಾಲು ದೊಡ್ಡದು.

ಪ್ಲಾಕ್ ಎಲ್ಲಿ ಕಟ್ಟುತ್ತದೆ ಎಂಬುದನ್ನೂ ನೋಡಬೇಕು. ಮನುಷ್ಯನನ್ನು ಕೊಲ್ಲುವುದು ಹೃದಯದ ಕರೋನರಿ ನಾಳಗಳಲ್ಲಿ ಕಟ್ಟಿದ್ದು. ಹಲವು ಪ್ರಾಣಿಗಳಲ್ಲಿ ಅದು ಮಹಾಪಧಮನಿಯ ಬುಡದಲ್ಲೋ ಕಮಾನಿನಲ್ಲೋ ಕಟ್ಟುತ್ತದೆ. ಇನ್ನು ಗಾತ್ರ, ಕಾಲ, ಹಣ, ಅನುಮತಿ. ಇವು ಕೊನೆಯಲ್ಲಿ ಬರಬೇಕಾದ ಮಾತುಗಳು. ನಮ್ಮ ಕಾಲೇಜುಗಳಲ್ಲಿ ಮೊದಲು ಬರುತ್ತವೆ. ಅದನ್ನೂ ಮುಚ್ಚುಮರೆಯಿಲ್ಲದೆ ಮಾತಾಡೋಣ.

ರ‍್ಯಾಟ್: ಅಗ್ಗ, ಆದರೆ ಯಾವುದಕ್ಕೆ?

ಎಲ್ಲೆಡೆ ಸಿಗುತ್ತದೆ, ಹಿಡಿಯಲು ಸುಲಭ, ರಕ್ತ ಸಾಕಷ್ಟು ಬರುತ್ತದೆ. ಬೊಜ್ಜು, ಇನ್ಸುಲಿನ್ ಪ್ರತಿರೋಧ, ಕೊಬ್ಬು ತುಂಬಿದ ಯಕೃತ್ತು ಇವುಗಳ ಅಧ್ಯಯನಕ್ಕೆ ಅದು ಒಳ್ಳೆಯ ಪ್ರಾಣಿಯೇ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯಲ್ಲಿ ತಾನಾಗಿ ಬೊಜ್ಜು ಬರುವ ರ‍್ಯಾಟ್ ತಳಿಯೇ ಇದೆ. ಅಪಧಮನಿಯ ಪ್ಲಾಕ್ ಬೇಕೆಂದರೆ ಮಾತ್ರ ಕೊಲೆಸ್ಟ್ರಾಲ್ ಜೊತೆಗೆ ಪಿತ್ತದ ಆಮ್ಲ ಸೇರಿಸಬೇಕು, ಥೈರಾಯ್ಡನ್ನು ಔಷಧಿಯಿಂದ ಅದುಮಬೇಕು. ಅಷ್ಟು ಮಾಡಿದ ಮೇಲೆ ಅದು ಆಹಾರದಿಂದ ಬಂದ ಕಾಯಿಲೆಯೋ, ನಾವು ಕೊಟ್ಟ ವಿಷದಿಂದ ಬಂದದ್ದೋ ಹೇಳುವವರು ಯಾರು? ನಾಯಿಯದ್ದೂ ಇದೇ ಪಾಡು. 1946ರಲ್ಲಿ ಸ್ಟೈನರ್ ಮತ್ತು ಕೆಂಡಾಲ್ ನಾಯಿಗಳಲ್ಲಿ ಪ್ಲಾಕ್ ಬರಿಸಿದ್ದು ಕೊಲೆಸ್ಟ್ರಾಲ್ ಜೊತೆ ಥೈರಾಯ್ಡನ್ನು ಅದುಮುವ ಥಯೋಯುರಾಸಿಲ್ ಕೊಟ್ಟ ಮೇಲೆಯೇ.

ಟ್ರೈಟಾನ್ ಅಥವಾ ಪೊಲೊಕ್ಸಮರ್ ಎಂಬ ರಾಸಾಯನಿಕ ಚುಚ್ಚಿ ಒಂದೆರಡು ದಿನದಲ್ಲಿ ರಕ್ತದ ಕೊಬ್ಬು ಏರಿಸುವ ವಿಧಾನ ಔಷಧಶಾಸ್ತ್ರದ ಪ್ರಯೋಗಗಳಲ್ಲಿ ಬಹಳ ಜನಪ್ರಿಯ. ಔಷಧಿಗಳನ್ನು ಜರಡಿ ಹಿಡಿಯಲು ಅದು ಆಗಬಹುದು. ಅದರಲ್ಲಿ ಆಹಾರವೂ ಇಲ್ಲ, ಅಪಧಮನಿಯೂ ಇಲ್ಲ ಎಂಬುದು ನೆನಪಿರಲಿ.

ಚಿಟ್ಟಿಲಿ: ಜಗತ್ತು ನಿಂತಿರುವ ಆಯ್ಕೆ

ಸಹಜ ಚಿಟ್ಟಿಲಿಯೂ ರ‍್ಯಾಟ್‌ನಂತೆ ಗಟ್ಟಿ. ಸಿ57ಬಿಎಲ್/6 ತಳಿ ಸ್ವಲ್ಪ ಮೆತ್ತಗೆ. ಬೆವರ್ಲಿ ಪೇಗನ್ 1980ರ ದಶಕದಲ್ಲಿ 15 ಶೇಕಡಾ ಕೊಬ್ಬು, 1.25 ಶೇಕಡಾ ಕೊಲೆಸ್ಟ್ರಾಲ್, 0.5 ಶೇಕಡಾ ಕೋಲಿಕ್ ಆಮ್ಲ (ಒಂದು ಪಿತ್ತದ ಆಮ್ಲ) ಇರುವ ಆಹಾರದಿಂದ ಅದರ ಮಹಾಪಧಮನಿಯ ಬುಡದಲ್ಲಿ ಸಣ್ಣ ಕಲೆಗಳನ್ನು ತರಿಸಿದರು. ಕೋಲಿಕ್ ಆಮ್ಲ ತಾನೇ ಯಕೃತ್ತಿನಲ್ಲಿ ಉರಿಯೂತ ಎಬ್ಬಿಸುತ್ತದೆ, ಹಾಗಾಗಿ ಇಂದು ಇದನ್ನು ಹೊಸದಾಗಿ ಆರಿಸಿಕೊಳ್ಳಲು ನನಗೆ ಕಾರಣ ಕಾಣುವುದಿಲ್ಲ.

ಆಟ ಬದಲಾದದ್ದು 1992ರಲ್ಲಿ. ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದಲ್ಲಿ ಜಾನ್ ಬ್ರೆಸ್ಲೋ ಅವರ ತಂಡ, ನಾರ್ತ್ ಕ್ಯಾರೊಲೈನಾದಲ್ಲಿ ನೊಬುಯೊ ಮಯೇಡಾ ಅವರ ತಂಡ, ಒಂದೇ ವರ್ಷ ಅಪೋ-ಇ (ರಕ್ತದ ಕೊಬ್ಬಿನ ಕಣಗಳನ್ನು ಯಕೃತ್ತು ಹಿಡಿದುಕೊಳ್ಳಲು ಬೇಕಾದ ಪ್ರೋಟೀನ್) ಜೀನ್ ಇಲ್ಲದ ಚಿಟ್ಟಿಲಿಯನ್ನು ಪ್ರಕಟಿಸಿದವು. ಮರುವರ್ಷ ಗೋಲ್ಡ್‌ಸ್ಟೀನ್ ಮತ್ತು ಬ್ರೌನ್ ಅವರ ಟೆಕ್ಸಸ್ ಪ್ರಯೋಗಾಲಯದಿಂದ ಎಲ್‌ಡಿಎಲ್ ಗ್ರಾಹಕವಿಲ್ಲದ (ರಕ್ತದ ಎಲ್‌ಡಿಎಲ್ ಅನ್ನು ಹಿಡಿದು ಕೋಶದೊಳಗೆ ಎಳೆಯುವ ಪ್ರೋಟೀನ್ ಇಲ್ಲದ) ಚಿಟ್ಟಿಲಿ ಬಂತು. ನಿಮ್ಮ ನಿಜವಾದ ಗೊಂದಲ ಬಹುಶಃ ಈ ಎರಡರ ನಡುವಿನದು.

ಅಪೋ-ಇ ಇಲ್ಲದ ಚಿಟ್ಟಿಲಿ ಮಾಮೂಲಿ ಕಾಳಿನ ಆಹಾರದಲ್ಲಿಯೇ ಡೆಸಿಲೀಟರಿಗೆ 400–600 ಮಿ.ಗ್ರಾಂ. ಕೊಲೆಸ್ಟ್ರಾಲ್ ತೋರಿಸುತ್ತದೆ. ಪಾಶ್ಚಾತ್ಯ ಮಾದರಿಯ ಆಹಾರ ಕೊಟ್ಟರೆ ಸಾವಿರ ದಾಟುತ್ತದೆ. ಬೇಗ, ಖಚಿತವಾಗಿ, ಧಾರಾಳವಾಗಿ ಪ್ಲಾಕ್ ಕಟ್ಟುತ್ತದೆ. ಸಮಯದ ಅಭಾವ ಇರುವವರಿಗೆ ಇದು ವರ. ಆದರೆ ಪ್ರಶ್ನೆ ‘ಆಹಾರದಿಂದ’ ಎಂದಿದ್ದರೆ ಇಲ್ಲೇ ತೊಡಕು, ಏಕೆಂದರೆ ಆಹಾರ ಬದಲಿಸದಿದ್ದರೂ ಕಾಯಿಲೆ ಬರುತ್ತದೆ. ರಕ್ತದಲ್ಲಿ ಕೂಡಿಕೊಳ್ಳುವುದು ಎಲ್‌ಡಿಎಲ್ ಅಲ್ಲ, ಊಟದ ನಂತರ ಉಳಿಯುವ ದೊಡ್ಡ ಕಣಗಳ ಶೇಷ. ಜೊತೆಗೆ ಅಪೋ-ಇ ಬರೀ ಕೊಬ್ಬಿನ ಪ್ರೋಟೀನ್ ಅಲ್ಲ, ರೋಗನಿರೋಧಕ ಕೋಶಗಳೊಳಗೂ ಅದಕ್ಕೆ ಕೆಲಸವಿದೆ.

ಎಲ್‌ಡಿಎಲ್ ಗ್ರಾಹಕವಿಲ್ಲದ ಚಿಟ್ಟಿಲಿ ಮಾಮೂಲಿ ಆಹಾರದಲ್ಲಿ 200–250 ಮಿ.ಗ್ರಾಂ. ಆಸುಪಾಸಿನಲ್ಲಿ ಇರುತ್ತದೆ, ಅಪಧಮನಿ ಬಹುಮಟ್ಟಿಗೆ ಸ್ವಚ್ಛ. ಕೊಬ್ಬಿನ ಆಹಾರ ಕೊಟ್ಟಾಗಲೇ ಕಾಯಿಲೆ. ಅಂದರೆ ಸ್ವಿಚ್ ನಿಮ್ಮ ಕೈಯಲ್ಲಿದೆ. ಮನುಷ್ಯರಲ್ಲಿ ವಂಶವಾಹಿಯಾಗಿ ಬರುವ ಅಧಿಕ ಕೊಲೆಸ್ಟ್ರಾಲ್ ಕಾಯಿಲೆಯನ್ನೂ ಇದು ಹೋಲುತ್ತದೆ. ಅಸ್ಥಿಮಜ್ಜೆ ಕಸಿ ಮಾಡಿ ಯಾವ ರಕ್ತಕೋಶದ ಪಾತ್ರವೇನು ಎಂದು ಕೇಳುವವರಿಗೆ ಇದೊಂದೇ ಸರಿ. ಅಪೋ-ಇ ಇಲ್ಲದ ಚಿಟ್ಟಿಲಿಗೆ ಸಹಜ ಮಜ್ಜೆ ಕಸಿ ಮಾಡಿದರೆ ಆ ಕೋಶಗಳೇ ಅಪೋ-ಇ ಸುರಿಸಿ ಕೊಲೆಸ್ಟ್ರಾಲನ್ನು ಇಳಿಸಿಬಿಡುತ್ತವೆ. ಆಹಾರವೇ ಪ್ರಶ್ನೆಯಾಗಿದ್ದು ಕೈಯಲ್ಲಿ 12ರಿಂದ 16 ವಾರ ಇದ್ದರೆ ನನ್ನ ಮತ ಇದಕ್ಕೆ.

ಈ ಎರಡು ತಳಿಗಳನ್ನೂ ತರಲು ಆಗದು, ಅಥವಾ ನಿಮ್ಮದೇ ಇನ್ನೊಂದು ಜೀನ್ ತೆಗೆದ ತಳಿ ಈಗಾಗಲೇ ಕೈಯಲ್ಲಿದೆ ಎಂದುಕೊಳ್ಳಿ. ಅದನ್ನು ಇವುಗಳೊಂದಿಗೆ ಕೂಡಿಸಿ ತಲೆಮಾರು ಎಣಿಸುತ್ತ ಕೂತರೆ ಒಂದು ವರ್ಷ ಹೋಗುತ್ತದೆ. 2014ರಿಂದ ಇನ್ನೊಂದು ದಾರಿ ಇದೆ: ಪಿಸಿಎಸ್‌ಕೆ9 ಜೀನಿನ ಚುರುಕು ರೂಪವನ್ನು ನಿರಪಾಯಕಾರಿ ವೈರಸ್ಸಿನಲ್ಲಿ ತುಂಬಿ ಒಂದೇ ಸಲ ಚುಚ್ಚುವುದು. ಯಕೃತ್ತಿನ ಎಲ್‌ಡಿಎಲ್ ಗ್ರಾಹಕಗಳು ಕರಗುತ್ತವೆ, ಮೇಲೆ ಕೊಬ್ಬಿನ ಆಹಾರ ಕೊಟ್ಟರೆ ಪ್ಲಾಕ್ ಕಟ್ಟುತ್ತದೆ. ಹೆಣ್ಣುಗಳಿಗೆ ಹೆಚ್ಚು ಪ್ರಮಾಣ ಬೇಕಾಗುತ್ತದೆ ಎಂಬುದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಿ.

ಸ್ಟ್ಯಾಟಿನ್‌ನಂಥ ಔಷಧಿಯ ಜೊತೆ ಹೋಲಿಸಿ ನೋಡುವ ಯೋಜನೆಯಿದ್ದರೆ ಅಪೋ-ಇ ಇಲ್ಲದ ಚಿಟ್ಟಿಲಿ ಕೈಕೊಡುತ್ತದೆ. ಸ್ಟ್ಯಾಟಿನ್‌ಗೆ ಅದರ ಕೊಲೆಸ್ಟ್ರಾಲ್ ಮನುಷ್ಯರಲ್ಲಿ ಇಳಿದಂತೆ ಇಳಿಯುವುದಿಲ್ಲ. ನೆದರ್‌ಲ್ಯಾಂಡ್ಸ್‌ನ ಲೈಡನ್‌ನಲ್ಲಿ ಮನುಷ್ಯರ ಅಪೋ-ಇ3-ಲೈಡನ್ (ಅಪೋ-ಇಯ ಒಂದು ದೋಷವಿರುವ ರೂಪ) ಮತ್ತು ಸಿಇಟಿಪಿ ಎರಡನ್ನೂ ಸೇರಿಸಿ ಬೆಳೆಸಿದ ತಳಿ ಔಷಧ ಪರೀಕ್ಷೆಗೆ ಹೇಳಿಮಾಡಿಸಿದ್ದು.

ಚಿಟ್ಟಿಲಿಯ ಮಿತಿಗಳೂ ಚಿಕ್ಕವಲ್ಲ. ಇಡೀ ದೇಹದ ರಕ್ತ ಎರಡು ಮಿಲಿಲೀಟರಿನೊಳಗೆ. ಪ್ಲಾಕ್ ಕಟ್ಟುವುದು ಮಹಾಪಧಮನಿಯ ಬುಡ, ಕಮಾನು ಮತ್ತು ಅದರ ಕವಲುಗಳಲ್ಲಿ, ಕರೋನರಿಗಳಲ್ಲಿ ಅಪರೂಪ. ಪ್ಲಾಕ್ ತಾನಾಗಿ ಬಿರಿದು ಹೃದಯಾಘಾತವಾಗುವುದು ಇನ್ನೂ ಅಪರೂಪ. ಹಾಗಾಗಿ ‘ಹೃದಯಾಘಾತ ತಡೆಯುವ ಕಷಾಯ’ ಎಂಬ ಶೀರ್ಷಿಕೆಯನ್ನು ಚಿಟ್ಟಿಲಿಯ ಬೆನ್ನಿನ ಮೇಲೆ ಹೇರಬೇಡಿ.

ಮೊಲ: ಹಳೆಯ ಕುದುರೆ, ಇನ್ನೂ ಓಡುತ್ತದೆ

ನ್ಯೂಜಿಲೆಂಡ್ ಬಿಳಿ ಮೊಲಕ್ಕೆ ಸಿಇಟಿಪಿ ಇದೆ. ಅದರ ಯಕೃತ್ತು ನಮ್ಮದರಂತೆ ಅಪೋ-ಬಿ100 (ಎಲ್‌ಡಿಎಲ್‌ನ ಮುಖ್ಯ ಪ್ರೋಟೀನ್) ಇರುವ ಕಣಗಳನ್ನೇ ತಯಾರಿಸುತ್ತದೆ. ಜೀನ್ ತಿದ್ದದೆ ಬರೀ ಆಹಾರದಿಂದ ಕಣ್ಣಿಗೆ ಕಾಣುವ ಪ್ಲಾಕ್ ಬರುತ್ತದೆ. ಕಿವಿಯ ನಾಳದಿಂದ ವಾರವಾರ ರಕ್ತ ತೆಗೆಯಬಹುದು. ಕ್ಯಾಥೆಟರ್ ತೂರಿಸಬಹುದು, ಸ್ಕ್ಯಾನ್ ಮಾಡಬಹುದು. ಜೀನ್ ತಿದ್ದಿದ ತಳಿ ತರಿಸಲು ಅನುಕೂಲವಿಲ್ಲದ ಕಾಲೇಜಿಗೆ ಅಪಧಮನಿಯ ಗೋಡೆಯನ್ನೇ ನೋಡಬೇಕೆಂಬ ಹಟವಿದ್ದರೆ, ಇದಕ್ಕಿಂತ ಮೇಲಾದದ್ದು ನನಗೆ ಗೊತ್ತಿಲ್ಲ.

ಎಡವುವುದು ಪ್ರಮಾಣದಲ್ಲಿ. ಹಳೆಯ ಪತ್ರಿಕೆಗಳನ್ನು ನೋಡಿ ಒಂದು, ಎರಡು ಶೇಕಡಾ ಕೊಲೆಸ್ಟ್ರಾಲ್ ಹಾಕುತ್ತಾರೆ. ರಕ್ತದ ಮಟ್ಟ ಸಾವಿರ ದಾಟುತ್ತದೆ, ಯಕೃತ್ತು ಹಳದಿಗಟ್ಟುತ್ತದೆ, ಮೊಲ ಸೊರಗುತ್ತದೆ, ಅಪಧಮನಿಯಲ್ಲಿ ಸಿಗುವುದು ಕೊಬ್ಬು ತುಂಬಿದ ನೊರೆಕೋಶಗಳ ರಾಶಿ ಮಾತ್ರ. 0.3ರಿಂದ 0.5 ಶೇಕಡಾದಲ್ಲಿ ತಾಳ್ಮೆಯಿಂದ ಹೋದರೆ, ನಡುನಡುವೆ ಮಾಮೂಲಿ ಆಹಾರಕ್ಕೆ ಮರಳಿಸಿದರೆ, ಮನುಷ್ಯರ ಪ್ಲಾಕ್‌ಗೆ ಹತ್ತಿರವಾದ ನಾರಿನ ರಚನೆ ಸಿಗುತ್ತದೆ. ಇನ್ನೊಂದು ಮಾತು: ಮೊಲ ಸೆಖೆಯನ್ನು ತಾಳುವುದಿಲ್ಲ. ಕಲಬುರಗಿ, ಬಳ್ಳಾರಿ, ರಾಯಚೂರಿನ ಕಡೆಯವರು ಏಪ್ರಿಲ್‌ನಲ್ಲಿ ಪ್ರಯೋಗ ಶುರು ಮಾಡುವುದಿದ್ದರೆ ಹವಾನಿಯಂತ್ರಣಕ್ಕೂ ಜನರೇಟರಿಗೂ ಮೊದಲು ವ್ಯವಸ್ಥೆ ಮಾಡಿಕೊಳ್ಳಿ.

ತಾನಾಗಿ ಕಾಯಿಲೆ ಬರುವ ಮೊಲವೂ ಇದೆ. 1973ರಲ್ಲಿ ಜಪಾನಿನ ಕೋಬೆಯಲ್ಲಿ ಯೊಶಿಯೊ ವಾತಾನಾಬೆ ಒಂದು ಗಂಡು ಮೊಲದ ರಕ್ತ ವಿಪರೀತ ಜಿಡ್ಡಾಗಿರುವುದನ್ನು ಗಮನಿಸಿ ಅದರಿಂದ ತಳಿ ಬೆಳೆಸಿದರು. ಎಲ್‌ಡಿಎಲ್ ಗ್ರಾಹಕದ ದೋಷ ಅದು. ಮುಂದೆ ಗೋಲ್ಡ್‌ಸ್ಟೀನ್ ಮತ್ತು ಬ್ರೌನ್ ತಮ್ಮ ಕೆಲಸದಲ್ಲಿ ಈ ಮೊಲಗಳನ್ನು ಬಳಸಿದರು, 1985ರಲ್ಲಿ ನೊಬೆಲ್ ಪಡೆದರು.

ಪ್ಲಾಕ್ ಬಿರಿಯುವುದನ್ನು ನೋಡಬೇಕೆನ್ನುವವರಿಗೂ ಮೊಲ ಒಂದು ಬಾಗಿಲು ತೆರೆದಿಟ್ಟಿದೆ. 1961ರಲ್ಲಿ ಕಾನ್‌ಸ್ಟಾಂಟಿನಿಡಿಸ್ ಮತ್ತು ಚಕ್ರವರ್ತಿ ಕೊಲೆಸ್ಟ್ರಾಲ್ ತಿಂದ ಮೊಲಗಳಿಗೆ ರಸೆಲ್ಸ್ ವೈಪರ್‌ನ ವಿಷ ಕೊಟ್ಟು ರಕ್ತ ಹೆಪ್ಪುಗಟ್ಟಿಸಿದರು. ನಮ್ಮ ಹೊಲಗಳಲ್ಲಿ ರೈತರ ಜೀವ ತೆಗೆಯುವ ಅದೇ ಕೊಳಕುಮಂಡಲ.

ಆದರೆ ಮೊಲ ‘ಹೌದು’ ಎಂದದ್ದೆಲ್ಲ ಮನುಷ್ಯನಲ್ಲಿ ಹೌದಾಗುವುದಿಲ್ಲ. ಸಿಇಟಿಪಿಯನ್ನು ತಡೆಯುವ ಟಾರ್ಸೆಟ್ರಾಪಿಬ್ ಮೊಲದ ಅಪಧಮನಿಯನ್ನು ಚೆನ್ನಾಗಿ ಕಾಪಾಡಿತು. 2006ರ ಡಿಸೆಂಬರಿನಲ್ಲಿ ಮನುಷ್ಯರ ದೊಡ್ಡ ಪ್ರಯೋಗವನ್ನು ಅರ್ಧಕ್ಕೆ ನಿಲ್ಲಿಸಬೇಕಾಯಿತು. ಔಷಧಿ ಪಡೆದವರಲ್ಲಿ ಸಾವು ಹೆಚ್ಚಿತ್ತು, ರಕ್ತದೊತ್ತಡವೂ ಏರುತ್ತಿತ್ತು.

ಹ್ಯಾಮ್‌ಸ್ಟರ್, ಗಿನಿಹಂದಿ, ಇತರರು

ರಕ್ತದ ಕೊಬ್ಬೇ ನಿಮ್ಮ ಪ್ರಶ್ನೆಯಾದರೆ ರ‍್ಯಾಟ್‌ಗಿಂತ ಹ್ಯಾಮ್‌ಸ್ಟರ್ ಮೇಲು, ಅದಕ್ಕೆ ಸಿಇಟಿಪಿ ಇದೆ. ಅಪಧಮನಿಯಲ್ಲಿ ಮಾತ್ರ ಬರುವುದು ತೆಳು ಗೆರೆಗಳು, ಅವೂ ತಳಿಯಿಂದ ತಳಿಗೆ ಬದಲಾಗುತ್ತವೆ. ಗಿನಿಹಂದಿಯ ಕೊಲೆಸ್ಟ್ರಾಲ್ ನಮ್ಮಂತೆಯೇ ಎಲ್‌ಡಿಎಲ್‌ನಲ್ಲಿ ಇರುತ್ತದೆ. ಅದೂ ನಮ್ಮಂತೆ ಸಿ ಜೀವಸತ್ವವನ್ನು ತಾನೇ ತಯಾರಿಸಲಾರದು, ಆಹಾರದಲ್ಲಿ ಮರೆತರೆ ಪ್ರಯೋಗ ಸ್ಕರ್ವಿಯ ಅಧ್ಯಯನವಾಗಿಬಿಡುತ್ತದೆ.

ವೈಟ್ ಕಾರ್ನೊ ತಳಿಯ ಪಾರಿವಾಳಕ್ಕೆ ಕೊಲೆಸ್ಟ್ರಾಲ್ ತಿನ್ನದೆಯೂ ಪ್ಲಾಕ್ ಬರುತ್ತದೆ, ಶೋ ರೇಸರ್ ತಳಿಗೆ ಬರುವುದಿಲ್ಲ. ಕುತೂಹಲದ ಜೋಡಿ, ಆದರೆ ಇಂದು ವಿಮರ್ಶಕರನ್ನು ಒಪ್ಪಿಸುವುದು ಕಷ್ಟ. ಜೀಬ್ರಾ ಮೀನಿನ ಪಾರದರ್ಶಕ ಮರಿಗಳಿಗೆ 4 ಶೇಕಡಾ ಕೊಲೆಸ್ಟ್ರಾಲ್ ತಿನ್ನಿಸಿ ರಕ್ತನಾಳದಲ್ಲಿ ಕೊಬ್ಬು ಕೂರುವುದನ್ನು ಜೀವಂತವಾಗಿಯೇ ನೋಡಬಹುದು ಎಂದು 2009ರಲ್ಲಿ ತೋರಿಸಿದರು. ನೂರು ಸಂಯುಕ್ತಗಳಿಂದ ಹತ್ತನ್ನು ಆರಿಸಲು ಅದು ಒಳ್ಳೆಯದು. ಹತ್ತರಿಂದ ಒಂದನ್ನು ಆರಿಸಲು ಅಲ್ಲ.

ಹಂದಿ ಮತ್ತು ಮಂಗ

ಹೃದಯದ ಗಾತ್ರ, ಕರೋನರಿಗಳ ಹಂಚಿಕೆ, ಪ್ಲಾಕ್‌ನ ರಚನೆ ಎಲ್ಲದರಲ್ಲೂ ಹಂದಿ ನಮಗೆ ಹತ್ತಿರ. ಸ್ಟೆಂಟ್‌ಗಳನ್ನು ಮೊದಲು ಇಟ್ಟು ನೋಡುವುದು ಅದರಲ್ಲಿಯೇ. ಜರ್ಮನಿಯ ಗಟಿಂಗನ್ ವಿಶ್ವವಿದ್ಯಾಲಯದಲ್ಲಿ ಬೆಳೆಸಿದ ಕುಳ್ಳ ಹಂದಿ, ಯುಕಟಾನ್ ಕುಳ್ಳ ಹಂದಿ, ಅಮೆರಿಕದ ಜಾರ್ಜಿಯಾ ತೀರದ ಒಸಬಾ ದ್ವೀಪದ ಹಂದಿ, ಹೀಗೆ ಆಯ್ಕೆಗಳಿವೆ. ಒಸಬಾ ಹಂದಿ ಬರಗಾಲಕ್ಕೆ ಒಗ್ಗಿದ ಜೀವ, ಸಿಕ್ಕಿದ್ದನ್ನು ಕೊಬ್ಬಾಗಿ ಕೂಡಿಡುತ್ತದೆ. ಹೊಟ್ಟೆ ತುಂಬ ಹಾಕಿದರೆ ಬೊಜ್ಜು, ಇನ್ಸುಲಿನ್ ಪ್ರತಿರೋಧ, ಕರೋನರಿ ಕಾಯಿಲೆ ಒಟ್ಟಿಗೆ ಬರುತ್ತವೆ. 2013ರಲ್ಲಿ ಡೆನ್ಮಾರ್ಕ್‌ನ ತಂಡ ಪಿಸಿಎಸ್‌ಕೆ9 ಸೇರಿಸಿದ ಯುಕಟಾನ್ ಹಂದಿಯನ್ನೂ ತಯಾರಿಸಿತು. ಬೆಲೆ ತೆರುವುದು ಕಾಲದಲ್ಲಿ. ಆರು ತಿಂಗಳಿಗೆ ಮೊದಲು ಒಳ್ಳೆಯ ಪ್ಲಾಕ್ ನಿರೀಕ್ಷಿಸಬೇಡಿ, ವರ್ಷವೂ ಹಿಡಿಯಬಹುದು. ಶಸ್ತ್ರಚಿಕಿತ್ಸಾ ಕೊಠಡಿ, ಅರಿವಳಿಕೆ ತಜ್ಞ, ಪಶುವೈದ್ಯ ಎಲ್ಲ ಬೇಕು. ಉಪಕರಣ ತಯಾರಿಸುವ ಕಂಪನಿಯ ಹಣವಿಲ್ಲದೆ ಒಬ್ಬ ವಿದ್ಯಾರ್ಥಿ ಇದಕ್ಕೆ ಕೈ ಹಾಕಬಾರದು.

ಮಂಗಗಳ ವಿಷಯದಲ್ಲಿ ನನ್ನ ಮಾತು ಚಿಕ್ಕದು: ಬೇಡ. ಅವು ಕಲಿಸಿದ್ದನ್ನು ಮಾತ್ರ ಓದಿಕೊಳ್ಳಿ. 1970ರಲ್ಲಿ ಆರ್ಮ್‌ಸ್ಟ್ರಾಂಗ್ ಮತ್ತು ಸಂಗಡಿಗರು ರೀಸಸ್ ಮಂಗಗಳಿಗೆ 17 ತಿಂಗಳು ಮೊಟ್ಟೆಯ ಹಳದಿ ತಿನ್ನಿಸಿ ಕರೋನರಿಗಳನ್ನು ಕಿರಿದಾಗಿಸಿ, ಆಮೇಲೆ 40 ತಿಂಗಳು ಆಹಾರ ಬದಲಿಸಿ, ಕಟ್ಟಿದ ಜಿಡ್ಡು ಕರಗಬಲ್ಲದು ಎಂದು ತೋರಿಸಿದರು. ಸುಮಾರು ಐದು ವರ್ಷದ ಪ್ರಯೋಗ! ಅಂದು ಅಮೆರಿಕದ ಪ್ರಯೋಗಾಲಯಗಳಿಗೆ ರೀಸಸ್ ಮಂಗಗಳು ಹೋಗುತ್ತಿದ್ದದ್ದು ಬಹುಪಾಲು ಭಾರತದಿಂದಲೇ; 1978ರಲ್ಲಿ ನಮ್ಮ ಸರ್ಕಾರ ರಫ್ತು ನಿಲ್ಲಿಸಿತು.

ತಟ್ಟೆಯಲ್ಲಿ ಏನಿದೆ?

ಪ್ರಾಣಿಯಷ್ಟೇ ಆಹಾರವೂ ಮಾದರಿಯ ಭಾಗ. ಬಹಳ ಮಂದಿ ಎಡವುವ ಒಂದು ಕಲ್ಲು: 60 ಶೇಕಡಾ ಕ್ಯಾಲೊರಿ ಕೊಬ್ಬಿನಿಂದ ಬರುವ, ಡಿ12492 ಎಂಬ ಸಂಖ್ಯೆಯ ಆಹಾರ ಬೊಜ್ಜಿಗಾಗಿ ಮಾಡಿದ್ದು. ಅದರಲ್ಲಿ ಕೊಲೆಸ್ಟ್ರಾಲ್ ಅಲ್ಪ. ಪ್ಲಾಕ್‌ಗೆ ಬಳಸುವುದು 42 ಶೇಕಡಾ ಕ್ಯಾಲೊರಿ ಹಾಲಿನ ಕೊಬ್ಬಿನಿಂದ, ಜೊತೆಗೆ ಸುಮಾರು 0.2 ಶೇಕಡಾ ಕೊಲೆಸ್ಟ್ರಾಲ್ ಇರುವ ಟಿಡಿ 88137ರಂಥದ್ದು. ಸಂಖ್ಯೆ ದೊಡ್ಡದಿದ್ದರೆ ಕಾಯಿಲೆಯೂ ದೊಡ್ಡದು ಎಂದು ನಂಬಿ ಮೊದಲನೆಯದನ್ನು ತರಿಸಿಕೊಂಡು ಕೈಸುಟ್ಟುಕೊಂಡವರನ್ನು ಕಂಡಿದ್ದೇನೆ. ನಿಯಂತ್ರಣ ಗುಂಪಿಗೆ ಮಾಮೂಲಿ ಕಾಳಿನ ಆಹಾರ ಕೊಡುವುದೂ ತಪ್ಪು. ಅದರಲ್ಲಿ ನಾರು, ಸಸ್ಯದ ಅಂಶಗಳು ಬೇರೆಯೇ. ಅದೇ ಪದಾರ್ಥಗಳಿಂದ ಮಾಡಿದ ಕಡಿಮೆ ಕೊಬ್ಬಿನ ಆಹಾರ ಬೇಕು.

ಕೊಬ್ಬಿನ ಬಗೆಯೂ ಚೇಷ್ಟೆ ಮಾಡುತ್ತದೆ. ಫಿಲಡೆಲ್ಫಿಯಾದ ಡೇವಿಡ್ ಕ್ರಿಚೆವ್‌ಸ್ಕಿ 1970ರ ದಶಕದಲ್ಲಿ ಕೊಲೆಸ್ಟ್ರಾಲ್ ಜೊತೆ ಕಡಲೆಕಾಯಿ ಎಣ್ಣೆ ತಿಂದ ಮೊಲಗಳಲ್ಲಿ ಅಪಧಮನಿಯ ಕಾಯಿಲೆ ನಿರೀಕ್ಷೆಗಿಂತ ಹೆಚ್ಚಿರುವುದನ್ನು ಕಂಡರು. ಆ ಎಣ್ಣೆಯ ಕೊಬ್ಬಿನ ಆಮ್ಲಗಳ ಜೋಡಣೆಯನ್ನು ಕಲಕಿಬಿಟ್ಟರೆ ಪರಿಣಾಮ ಇಳಿಯಿತು. ಆದರೆ ಕಡಲೆಕಾಯಿ ತಿಂದ ಮನುಷ್ಯರ ಅಧ್ಯಯನಗಳಲ್ಲಿ ಎಲ್‌ಡಿಎಲ್ ಇಳಿದದ್ದೇ ಕಂಡಿದೆ. ಆದ್ದರಿಂದ ಒಗ್ಗರಣೆಯ ಎಣ್ಣೆ ಬದಲಿಸುವ ಸಲಹೆಯನ್ನು ಮೊಲದ ಬಾಯಿಂದ ಹೇಳಿಸಬೇಡಿ.

ಲೆಕ್ಕ ಹಾಕಿ ನೋಡಿ

ಗಿಡದಿಂದ ಬೇರ್ಪಡಿಸಿದ ಸಂಯುಕ್ತದ ಮೇಲೆ ಕೆಲಸ ಮಾಡುವವರು ಪ್ರಾಣಿಯ ಬೆಲೆ ಕೇಳುತ್ತಾರೆ, ಸಂಯುಕ್ತದ ಬೆಲೆ ಮರೆಯುತ್ತಾರೆ. ಚಿಟ್ಟಿಲಿಗೆ ಕಿಲೋಗೆ 100 ಮಿ.ಗ್ರಾಂ. ಎಂದುಕೊಳ್ಳಿ. 25 ಗ್ರಾಂ ಪ್ರಾಣಿಗೆ ದಿನಕ್ಕೆ 2.5 ಮಿ.ಗ್ರಾಂ. 15 ಪ್ರಾಣಿಗಳಿಗೆ 84 ದಿನಕ್ಕೆ ಸುಮಾರು 3.2 ಗ್ರಾಂ ಸಾಕು. ದೇಹದ ಮೇಲ್ಮೈ ಲೆಕ್ಕದಲ್ಲಿ ಮೊಲಕ್ಕೆ ಕಿಲೋಗೆ 25 ಮಿ.ಗ್ರಾಂ. ಆದರೂ 3 ಕಿಲೋ ಮೊಲಕ್ಕೆ ದಿನಕ್ಕೆ 75 ಮಿ.ಗ್ರಾಂ., 8 ಮೊಲಗಳಿಗೆ ಅಷ್ಟೇ ದಿನಕ್ಕೆ 50 ಗ್ರಾಂ. ನಿಮ್ಮ ಲ್ಯಾಬಿನಲ್ಲಿ ವಾರಕ್ಕೆ ಅರ್ಧ ಗ್ರಾಂ ಶುದ್ಧ ಸಂಯುಕ್ತ ಸಿಗುವುದಾದರೆ ಮೊಲದ ಪ್ರಯೋಗಕ್ಕೆ ಎರಡು ವರ್ಷ ಬರೀ ಕಷಾಯ ಕುದಿಸುತ್ತ ಕೂರಬೇಕು. ಮೇವಿನ ಲೆಕ್ಕವೂ ಹಾಗೆಯೇ: 60 ಚಿಟ್ಟಿಲಿಗಳಿಗೆ 12 ವಾರಕ್ಕೆ 18 ಕಿಲೋ, 24 ಮೊಲಗಳಿಗೆ ದಿನಕ್ಕೆ ತಲಾ 120 ಗ್ರಾಂನಂತೆ 240 ಕಿಲೋ. ಮೊಲಗಳ ಸಿದ್ಧ ಆಹಾರದ ಬೆಲೆಯಲ್ಲಿ ಚಿಟ್ಟಿಲಿಗಳ ಸಾಕಣೆಯೇ ಮುಗಿಯುತ್ತದೆ.

ಅನುಮತಿಯ ದಾರಿ ಹೀಗಿದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಇರುವ ಕೇಂದ್ರ ಸಮಿತಿಯಲ್ಲಿ ನಿಮ್ಮ ಪ್ರಾಣಿಗೃಹ ನೋಂದಣಿಯಾಗಿರಬೇಕು, ಪ್ರಾಣಿ ನೋಂದಾಯಿತ ಸಾಕಣೆದಾರರಿಂದಲೇ ಬರಬೇಕು. ಚಿಟ್ಟಿಲಿ, ರ‍್ಯಾಟ್, ಹ್ಯಾಮ್‌ಸ್ಟರ್, ಗಿನಿಹಂದಿ, ಮೊಲಗಳಿಗೆ ಸಂಸ್ಥೆಯ ನೈತಿಕ ಸಮಿತಿ ಫಾರ್ಮ್ ಬಿ (ಪ್ರಯೋಗದ ಅರ್ಜಿ) ನೋಡಿ ಒಪ್ಪಿಗೆ ಕೊಡಬಹುದು. ದೊಡ್ಡ ಪ್ರಾಣಿಗಳ ಕಡತ ದೆಹಲಿಗೆ ಹೋಗುತ್ತದೆ. ಜೀನ್ ತಿದ್ದಿದ ತಳಿಗೆ ಜೈವಿಕ ಸುರಕ್ಷತಾ ಸಮಿತಿಯ ಒಪ್ಪಿಗೆಯೂ ಬೇಕು. ಅಮೆರಿಕದ ಜಾಕ್ಸನ್ ಪ್ರಯೋಗಾಲಯದಿಂದ ಹೊಸದಾಗಿ ತರಿಸುವ ಮೊದಲು (ಅಪೋ-ಇ ತಳಿಯ ಸಂಖ್ಯೆ 002052, ಎಲ್‌ಡಿಎಲ್ ಗ್ರಾಹಕದ್ದು 002207) ಬೆಂಗಳೂರು, ಹೈದರಾಬಾದಿನ ದೊಡ್ಡ ಸಂಸ್ಥೆಗಳ ಪ್ರಾಣಿಗೃಹಗಳನ್ನು ವಿಚಾರಿಸಿ. ಇದ್ದರೆ ಅಲ್ಲಿಯೇ ಜಂಟಿಯಾಗಿ ಕೆಲಸ ಮಾಡುವುದು ಎಲ್ಲಕ್ಕಿಂತ ಅಗ್ಗ.

ಹಾಗಾದರೆ ಯಾರು ಯಾವುದನ್ನು?

ಒಂದು ವರ್ಷದ ಎಂ.ಫಾರ್ಮ್ ಯೋಜನೆ, ಕೈಯಲ್ಲಿ ಕಡಿಮೆ ಹಣ: ಹ್ಯಾಮ್‌ಸ್ಟರ್ ಸಿಕ್ಕರೆ ಹ್ಯಾಮ್‌ಸ್ಟರ್, ಸಿಗದಿದ್ದರೆ ರ‍್ಯಾಟ್, ಆದರೆ ಶೀರ್ಷಿಕೆ ರಕ್ತದ ಕೊಬ್ಬಿನ ಗೆರೆ ದಾಟದಿರಲಿ. ಕಚ್ಚಾ ಕಷಾಯ ಧಾರಾಳವಾಗಿದೆ, ಪ್ಲಾಕ್ ನೋಡಲೇಬೇಕು: ಮೊಲ, 0.5 ಶೇಕಡಾ ಕೊಲೆಸ್ಟ್ರಾಲ್, 12 ವಾರ. ಪಿಎಚ್‌ಡಿ, ಶುದ್ಧ ಸಂಯುಕ್ತ ಕಡಿಮೆ, ಕಾರ್ಯವಿಧಾನ ಬೇಕು: ಎಲ್‌ಡಿಎಲ್ ಗ್ರಾಹಕವಿಲ್ಲದ ಚಿಟ್ಟಿಲಿ, ಗಂಡು ಹೆಣ್ಣು ಎರಡೂ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2017ರಲ್ಲಿ ಈ ಪ್ರಯೋಗಗಳಿಗಾಗಿಯೇ ಹೊರಡಿಸಿದ ಸಲಹಾಪತ್ರ ಎರಡು ಲಿಂಗಗಳನ್ನೂ ಬಳಸಲು ಹೇಳುತ್ತದೆ, ಬರೀ ಗಂಡುಗಳ ಫಲಿತಾಂಶವನ್ನು ವಿಮರ್ಶಕರು ಈಗ ಸುಮ್ಮನೆ ಬಿಡುವುದಿಲ್ಲ. ಸ್ಟೆಂಟ್, ಬಲೂನು, ಸ್ಕ್ಯಾನ್: ಮೊದಲು ಮೊಲ, ಆಮೇಲೆ ಹಂದಿ. ಎರಡು ಎಣ್ಣೆಗಳಲ್ಲಿ ಯಾವುದು ಹೃದಯಕ್ಕೆ ಹಿತ ಎಂಬ ಪ್ರಶ್ನೆಯಾದರೆ ಪ್ರಾಣಿಗೃಹದ ಬಾಗಿಲು ಹಾಕಿ. ಒಪ್ಪಿಗೆ ಕೊಟ್ಟ ಮನುಷ್ಯರಿಗೆ ಆರು ವಾರ ಆ ಎಣ್ಣೆಯಲ್ಲಿ ಅಡುಗೆ ಮಾಡಿ ಬಡಿಸಿ, ರಕ್ತ ಪರೀಕ್ಷಿಸಿ.

ಯಾವುದನ್ನೇ ಆರಿಸಿದರೂ ಪೂರ್ತಿ ಗುಂಪನ್ನು ಶುರು ಮಾಡುವ ಮೊದಲು ನಾಲ್ಕು ಪ್ರಾಣಿಗಳ ಸಣ್ಣ ಪ್ರಯೋಗಕ್ಕೆ ಫಾರ್ಮ್ ಬಿಯಲ್ಲಿಯೇ ಜಾಗ ಕೇಳಿಕೊಳ್ಳಿ. ನಿಮ್ಮದೇ ಆಹಾರ, ನಿಮ್ಮದೇ ಪ್ರಾಣಿಗೃಹ, ನಿಮ್ಮದೇ ಹವೆ. ಆರನೆಯ ವಾರ ಎರಡರ, ಹನ್ನೆರಡನೆಯ ವಾರ ಇನ್ನೆರಡರ ಮಹಾಪಧಮನಿಯನ್ನು ಸೀಳಿ ಬಣ್ಣ ಹಾಕಿ ನೋಡಿ. ಕೆಂಪು ಕಂಡರೆ ಉಳಿದ ಪ್ರಾಣಿಗಳನ್ನು ತರಿಸಿ.